ಕೋಲಾರದ ತೀರ್ಮಾನ, ಸಹೋದರಿಯರ ಹೆಸರಿನ ಸಾಲ

ಮೈಕ್ರೋ ಫೈನಾನ್ಸ್ ಎಂಬ ಹೆಸರು ಇಂದು ನಮ್ಮ ಯಾವ ಮೊಹಲ್ಲಾಕ್ಕೂ ಹೊಸದಲ್ಲ. ಆದರೆ ಈ ಸಾಲದ ಚರಿತ್ರೆಯಲ್ಲಿ ನಮ್ಮ ಸಮುದಾಯಕ್ಕೇ ಸೇರಿದ ಒಂದು ಅಧ್ಯಾಯವಿದೆ. ನಮ್ಮ ಕಿರಿಯರಲ್ಲಿ ಹಲವರಿಗೆ ಅದು ತಿಳಿದಿರಲಾರದು.

2000ದ ನಂತರದ ವರ್ಷಗಳಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರದಂತಹ ಊರುಗಳ ಮುಸ್ಲಿಂ ಬೀದಿಗಳಿಗೆ ಈ ಕಂಪೆನಿಗಳು ಬಂದವು. ಆ ಬೀದಿಗಳಲ್ಲಿ ಹೆಚ್ಚಿನವು ರೇಷ್ಮೆ ನೂಲು ಬಿಚ್ಚುವ, ಬೀಡಿ ಕಟ್ಟುವ ಮನೆಗಳು. ಅಡವಿಡಲು ಒಡವೆ ಬೇಕಿಲ್ಲ, ಗಂಡನ ಸಹಿ ಮುಖ್ಯವಲ್ಲ, ಐದು ಮಂದಿ ಮಹಿಳೆಯರು ಗುಂಪು ಕಟ್ಟಿದರೆ ಸಾಲ ಸಿಗುತ್ತಿತ್ತು. ಒಬ್ಬಾಕೆ ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಅಂದರೆ ಅಡವಿಟ್ಟದ್ದು ನೆರೆಮನೆಯವರ ಮುಂದಿನ ಮಾನವನ್ನು. ಬಡ್ಡಿಯ ಲೆಕ್ಕವೂ ಸರಳವಾಗಿ ಕಾಣುತ್ತಿತ್ತು. ಹತ್ತು ಸಾವಿರ ಪಡೆದು, 50 ವಾರ 230 ರೂಪಾಯಿಯಂತೆ ಕಟ್ಟಿದರೆ ಒಂದೂವರೆ ಸಾವಿರ ಹೆಚ್ಚು, ಶೇ. 15 ತಾನೇ ಎನಿಸುತ್ತದೆ. ಆದರೆ ಅಸಲು ವಾರವಾರವೂ ಕರಗುತ್ತಿರುವುದರಿಂದ ನಿಜವಾದ ವಾರ್ಷಿಕ ಬಡ್ಡಿ ಸುಮಾರು ಶೇ. 30! ಒಂದೇ ಮನೆಯಲ್ಲಿ ಮೂರು ನಾಲ್ಕು ಕಂಪೆನಿಗಳ ಸಾಲ ಸೇರಿತು. ಒಂದರ ಕಂತು ಇನ್ನೊಂದರ ಸಾಲದಿಂದ ಹೋಗತೊಡಗಿತು.

ರೇಷ್ಮೆಯ ಕೆಲಸ ಕುಸಿದಾಗ ಈ ಸರಪಳಿ ಕಡಿಯಿತು. 2009ರ ಆರಂಭದಲ್ಲಿ ಕೋಲಾರದ ಅಂಜುಮನ್, ಈ ಸಂಸ್ಥೆಗಳ ಜೊತೆ ವ್ಯವಹಾರ ಬೇಡ, ಕಂತು ಕಟ್ಟಬೇಡಿ ಎಂದು ಸಾರಿತು. ಪತ್ರಿಕೆಗಳು ಅದನ್ನು ಫತ್ವಾ ಎಂದು ಬರೆದವು. ಮಾತು ರಾಮನಗರ, ಮೈಸೂರಿನವರೆಗೂ ಹಬ್ಬಿತು.

ಬಡವರ ಮೇಲಿನ ಒತ್ತಡ ನಿಜವಾಗಿತ್ತು, ಬಡ್ಡಿ ನಿಷಿದ್ಧ ಎಂಬುದರಲ್ಲಿ ನಮಗೆ ಸಂಶಯವೇ ಇಲ್ಲ. ಆದರೂ ಆ ತೀರ್ಮಾನ ಅರ್ಧವಷ್ಟೇ ಸರಿ ಎಂದು ನಾವು ಹೇಳಬೇಕಾಗಿದೆ. ಬಡ್ಡಿಯನ್ನು ಬಿಡಲು ಆದೇಶಿಸುವ ಸೂರಃ ಅಲ್‌ಬಕರದ ಅದೇ ಸ್ಥಳದಲ್ಲಿ, ಅಸಲು ಕೊಟ್ಟವನ ಹಕ್ಕು ಎಂದೂ ಇದೆ. ಅದರ ಮುಂದಿನ ವಚನ ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಲು ಹೇಳುತ್ತದೆ. ಪ್ರವಾದಿಯವರು(ಸ) ಸಾಲ ಉಳಿಸಿ ತೀರಿಕೊಂಡ ಒಬ್ಬರ ಜನಾಝ ನಮಾಝ್‌ಗೆ ತಾವು ನಿಲ್ಲದೆ ಹಿಂದೆ ಸರಿದಾಗ, ಅಬೂ ಕತಾದ(ರ) ಸಾಲವೇ ಇಲ್ಲ ಎಂದು ವಾದಿಸಲಿಲ್ಲ, ಅದು ನನ್ನ ಮೇಲಿರಲಿ ಎಂದರು. ಕೋಲಾರದಲ್ಲಿ ಬೇಕಿದ್ದುದು ಆ ಎರಡನೆಯ ಮಾತು. ಬೈತುಲ್ ಮಾಲ್‌ನಿಂದ ಕರ್ಝೆ ಹಸನ ಕೊಟ್ಟು, ಕಂಪೆನಿಗಳ ಎದುರು ಕೂತು ಅಸಲಿಗೆ ಗಡುವು ಕೇಳಬಹುದಿತ್ತು. ಇನ್ನೊಂದು ಮಾತು: ಸಾಲದ ಪುಸ್ತಕದಲ್ಲಿ ಇದ್ದುದು ಮಹಿಳೆಯರ ಹೆಸರು, ತೀರ್ಮಾನ ಮಾಡಿದ್ದು ಗಂಡಸರು.

ಮರುವರ್ಷ ಆಂಧ್ರದಲ್ಲಿ ಇದೇ ಬಿಕ್ಕಟ್ಟು ದೊಡ್ಡದಾಗಿ ಸ್ಫೋಟಿಸಿತು. 2011ರಲ್ಲಿ ಮಾಲೆಗಾಮ್ ಸಮಿತಿ, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕಂಪೆನಿಗಳು ಸಾಲ ಕೊಡಬಾರದು ಎಂದಿತು. ಬಡ್ಡಿಗೂ ಮಿತಿ ಬಂತು, 2022ರಲ್ಲಿ ರಿಸರ್ವ್ ಬ್ಯಾಂಕ್ ಆ ಮಿತಿಯನ್ನು ತೆಗೆಯಿತು. ಈಗ ಸಾಲದ ಕಂತುಗಳೆಲ್ಲ ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು ಎಂಬುದು ನಿಯಮ.

ಆತ್ಮಹತ್ಯೆಗಳ ಸುದ್ದಿಯ ಬೆನ್ನಲ್ಲೇ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸುಗ್ರೀವಾಜ್ಞೆ ತಂದಿತು. ಬೆದರಿಸಿ ವಸೂಲಿ ಮಾಡಿದವರಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಪರವಾನಗಿ, ನೋಂದಣಿ ಇಲ್ಲದವರು ಅದಕ್ಕೆ ಮುಂಚೆ ಕೊಟ್ಟ ಸಾಲ ಮನ್ನಾ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಕಂಪೆನಿಗಳಿಗೆ ಈ ಮನ್ನಾ ಅನ್ವಯಿಸುವುದಿಲ್ಲ. ನಮ್ಮ ಸಹೋದರಿಯರ ಕೈಯಲ್ಲಿರುವ ಪುಸ್ತಕ ಯಾರದ್ದು ಎಂದು ಮೊದಲು ನೋಡಿಕೊಳ್ಳಬೇಕು.