ವಿಜಯನಗರದ ಗುಲಾಬಿ

ಒಂದು ಊರನ್ನು ವರ್ಣಿಸಿರೆಂದು ವಿದ್ಯಾರ್ಥಿಗಳಿಗೆ ಹೇಳಿದರೆ, ಹತ್ತರಲ್ಲಿ ಒಂಬತ್ತು ಮಂದಿ ಅದನ್ನು ‘ಅವರ್ಣನೀಯ’ವೆಂದು ಬರೆದು ಲೇಖನಿಯನ್ನು ಕೆಳಗಿಡುವರು. ಅವರ್ಣನೀಯವೆಂದ ಮೇಲೆ ವರ್ಣಿಸುವ ಹೊಣೆಯೂ ತಪ್ಪಿತಷ್ಟೆ! ಈ ದೋಷ ಅವರದು ಮಾತ್ರವಲ್ಲ. ನಮ್ಮ ಶಾಸನಕವಿಗಳೂ ಪುರವರ್ಣನೆಗೆ ತೊಡಗಿದೊಡನೆ ಅಮರಾವತಿಯನ್ನು ನೆನೆಯುವುದುಂಟು. ಊರಿನ ಬೀದಿಯಲ್ಲಿ ಕಣ್ಣಿಗೆ ಬಿದ್ದುದೇನು, ಮೂಗಿಗೆ ಬಡಿದುದೇನು ಎಂಬುದು ಅಲ್ಲಿ ದೊರೆಯುವುದು ಅಪೂರ್ವ. ವಿಜಯನಗರದ ಮಟ್ಟಿಗೆ ಈ ಕೊರತೆಯನ್ನು ತುಂಬಿದವರು ಪರದೇಶದ ಪ್ರವಾಸಿಗರು.

ಹಿರಾತಿನ ದೊರೆ ಷಾರುಖನ ರಾಯಭಾರಿಯಾದ ಅಬ್ದುರ್ ರಜಾಕನು ಇಮ್ಮಡಿ ದೇವರಾಯನ ರಾಜಧಾನಿಗೆ ಬಂದುದು 1443ರಲ್ಲಿ. ಈತನ ಮೂಗು ಬಹು ಚುರುಕಾದುದು. ಪಯಣದ ಆರಂಭದಲ್ಲಿ ಹಡಗಿನ ವಾಸನೆ ತಗುಲಿ, ಕಡಲಿನ ಭಯವೂ ಸೇರಿ, ತಾನು ಮೂರು ದಿನ ಮೂರ್ಛೆಹೋಗಿದ್ದುದಾಗಿ ನಾಚದೆ ಬರೆದುಕೊಂಡಿರುವನು. ಅಂಥವನಿಗೆ ವಿಜಯನಗರದ ಪೇಟೆಯಲ್ಲಿ ಎಲ್ಲೆಲ್ಲಿಯೂ ಕಂಡುದು ಗುಲಾಬಿ. ಅಲ್ಲಿಯ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಅವಶ್ಯವೆಂದು ಅವನು ತಿಳಿದನು. ಎಲೆ, ಅಡಕೆ, ಸುಣ್ಣ ಕೂಡಿದ ತಾಂಬೂಲವು ಮುಖಕ್ಕೆ ಕೆಂಪೇರಿಸುವುದನ್ನೂ ಹಸಿವನ್ನು ಅಡಗಿಸುವುದನ್ನೂ ಅವನು ಅಕ್ಕರೆಯಿಂದ ವಿವರಿಸಿರುವನು. ದಿನವೂ ಮೆಲ್ಲುವ ನಮಗೆ ಅದು ಬರೆಯತಕ್ಕ ಸಂಗತಿಯೆಂದು ತೋರಲಿಲ್ಲ.

ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನದು ಬೇರೆ ಮನೋಧರ್ಮ. ಇವನು ಕಣ್ಣಿನ ಮನುಷ್ಯ. ಪಟ್ಟಣದ ವಿಸ್ತಾರವನ್ನು ತಿಳಿಯಲು ಒಂದು ಬೆಟ್ಟವನ್ನೇರಿದನು. ಊರು ಬೆಟ್ಟಗಳ ಸಾಲುಗಳ ನಡುವೆ ಹರಡಿದ್ದುದರಿಂದ ಪೂರ್ತಿಯಾಗಿ ಕಾಣಲಿಲ್ಲ. ಕಾಣಲಿಲ್ಲವೆಂದೇ ಬರೆದನು. ಕಂಡಷ್ಟು ಭಾಗವೇ ರೋಮಿನಷ್ಟು ದೊಡ್ಡದೆಂದು ತೋರಿತಂತೆ. ಮನೆಗಳ ಹಿತ್ತಲಲ್ಲಿ ಮರಗಳು, ಊರ ನಡುವೆ ಹರಿಯುವ ನೀರಿನ ಕಾಲುವೆಗಳು. ಕೃಷ್ಣದೇವರಾಯನ ಮುಖದ ಮೇಲಿನ ಸಿಡುಬಿನ ಕಲೆಗಳನ್ನೂ ಅವನು ಬಿಡಲಿಲ್ಲ. ಯಾವ ಆಸ್ಥಾನಕವಿಯು ಆ ಮಾತನ್ನು ಆಡಿಯಾನು?

ರಾಯನಿಗೆ ಹತ್ತು ಲಕ್ಷ ಸೈನ್ಯವಿತ್ತೆಂದೂ ಇದೇ ಪಾಯೆಸನು ಹೇಳುವನು. ಇದನ್ನು ನಂಬಲು ನನಗೆ ಮನಸ್ಸಿಲ್ಲ. ಅಷ್ಟು ಮಂದಿಯನ್ನು ಒಬ್ಬನು ನಿಂತು ಎಣಿಸಲಾರನು, ಅದು ಯಾರೋ ಹೇಳಿದ ಲೆಕ್ಕ. ಆದರೆ ದೊಡ್ಡದೊಂದು ಕೆರೆಯ ಕೆಲಸದಲ್ಲಿ ಆಳುಗಳು ಇರುವೆಗಳಂತೆ ಮುತ್ತಿ, ಅವರು ನಡೆಯುತ್ತಿದ್ದ ನೆಲವೇ ಕಾಣದಾಗಿತ್ತೆಂದು ಅವನು ಬರೆದಾಗ ನಾನು ಸಂದೇಹಿಸೆನು. ಇರುವೆಗಳನ್ನು ಅವನು ಕಣ್ಣಾರೆ ಕಂಡಿದ್ದನು, ಆಳುಗಳನ್ನೂ ಕಂಡನು. ನಮ್ಮ ಚರಿತ್ರಕಾರರು ಮಾತ್ರ ಹತ್ತು ಲಕ್ಷವನ್ನು ಪಠ್ಯಪುಸ್ತಕಕ್ಕೆ ಎತ್ತಿಕೊಂಡು, ಇರುವೆಗಳನ್ನು ಅಲಂಕಾರವೆಂದು ಕೈಬಿಟ್ಟರು.

ಪಾಯೆಸನ ಬರಹವು ಪ್ಯಾರಿಸ್ಸಿನ ಗ್ರಂಥಭಂಡಾರವೊಂದರಲ್ಲಿ ಬಹುಕಾಲ ಮಲಗಿದ್ದು, 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. 1900ರಲ್ಲಿ ರಾಬರ್ಟ್ ಸೂಯೆಲನು ಅದನ್ನು ಇಂಗ್ಲಿಷಿಗೆ ತಂದನು.

ತಾಳೀಕೋಟೆಯ ಯುದ್ಧವು ಮುಗಿದ ಎರಡು ವರ್ಷಕ್ಕೆ, 1567ರಲ್ಲಿ, ವೆನಿಸ್ಸಿನ ವರ್ತಕ ಸೀಜರ್ ಫ್ರೆಡರಿಕನು ಆ ಊರಿಗೆ ಬಂದು ಏಳು ತಿಂಗಳು ನಿಂತನು. ಮನೆಗಳಿನ್ನೂ ನಿಂತಿದ್ದುವು, ಒಳಗೆ ಜನರಿರಲಿಲ್ಲ. ಹುಲಿಗಳೂ ಕಾಡುಮೃಗಗಳೂ ಸೇರಿಕೊಂಡಿವೆಯೆಂದು ಅವನು ಬರೆದನು. ಗುಲಾಬಿಯ ಮಾತು ಅವನಲ್ಲಿಲ್ಲ.