ಗಂಗಾಭಾಗೀರಥಿ ಸಮಾನರಾದ

ಕಳೆದ ವರ್ಷ ಚನ್ನರಾಯಪಟ್ಟಣದಲ್ಲಿ ನನ್ನ ತಮ್ಮನ ಮಗಳ ಮನೆಯ ಜಗುಲಿಯಲ್ಲಿ ಕುಳಿತು ಹಳೆಯ ಕಥೆ ಹೇಳುತ್ತಿದ್ದೆ. ಅವಳ ಜೊತೆ ಕಾಲೇಜಿನಲ್ಲಿ ಪಾಠ ಮಾಡುವ ಇಬ್ಬರು ಹುಡುಗಿಯರೂ ಬಂದಿದ್ದರು. ಕಾಫಿ, ಕೋಡುಬಳೆ, ಜೊತೆಗೆ ಮಾತು. ನಾನು ಮೇಷ್ಟರಗಿತ್ತಿಯಾಗಿದ್ದ ಕಾಲದ ಒಬ್ಬ ಜಾಣ ವಿದ್ಯಾರ್ಥಿನಿಯ ವಿಷಯ ಬಂತು. "ಪಾಪ, ಹರಿಜನರ ಹುಡುಗಿ, ಆದ್ರೆ ಲೆಕ್ಕದಲ್ಲಿ ಎಷ್ಟು ಚುರುಕು ಅಂತೀಯಾ..." ಎನ್ನುತ್ತಿದ್ದಂತೆ ನಮ್ಮ ಹುಡುಗಿ ತಡೆದಳು.

"ಅತ್ತೆ, ಆ ಪದ ಹೇಳಬಾರದು. ‘ಪಾಪ’ನೂ ಬೇಡ, ‘ಆದ್ರೆ’ನೂ ಬೇಡ."

ಹೊರಗಿನವರ ಎದುರು ತಿದ್ದಿಸಿಕೊಂಡೆನಲ್ಲ ಎಂದು ನನಗೆ ಮುಖ ಬಿಸಿಯಾಯಿತು. ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದವಳು ನಾನು. ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಅವತ್ತು ಸಂಜೆ ಹಾಸನದ ಬಸ್ಸಿನಲ್ಲಿ ಕುಳಿತವಳು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವಳೊಂದಿಗೆ ಜಗಳವಾಡಿದೆ.

ನನ್ನ ಸಿಟ್ಟಿಗೆ ಒಂದು ಕಾರಣವಿತ್ತು. ಆ ಪದವನ್ನು ನನಗೆ ಕಲಿಸಿದವರು ನಮ್ಮ ತಂದೆ. ಅರಕಲಗೂಡಿನಲ್ಲಿ ನಮ್ಮ ಬೀದಿಯ ಹಿರಿಯರೆಲ್ಲ ಜಾತಿಯ ಹೆಸರನ್ನೇ ಬೈಗುಳದಂತೆ ಆಡುತ್ತಿದ್ದ ದಿನಗಳಲ್ಲಿ, ಖಾದಿ ಉಡುತ್ತಿದ್ದ ಅಪ್ಪ ಮಾತ್ರ ‘ಹರಿಜನರು’ ಎನ್ನುತ್ತಿದ್ದರು. "ಓಹೋ, ಗಾಂಧಿ ಬಂದ" ಎಂದು ಹಾಸ್ಯ ಮಾಡಿಸಿಕೊಳ್ಳುತ್ತಿದ್ದರು. ಗಾಂಧೀಜಿ ಅದೇ ಹೆಸರಿನ ವಾರಪತ್ರಿಕೆಯನ್ನು ಶುರುಮಾಡಿದ್ದು 1933ರ ಫೆಬ್ರವರಿಯಲ್ಲಿ. ಅಪ್ಪನ ಬಾಯಲ್ಲಿ ಅದು ಧೈರ್ಯದ ಮಾತಾಗಿತ್ತು. ಅದೇ ಮಾತು ಮಗಳ ಬಾಯಲ್ಲಿ ತಪ್ಪಾಗಿದ್ದು ಹೇಗೆ?

ಹಾಸನಕ್ಕೆ ಬಂದು ಪುಸ್ತಕ ತಿರುವಿದೆ. ಆ ಪದ ನಿನ್ನೆ ಮೊನ್ನೆ ಕೆಟ್ಟದ್ದಲ್ಲ ಎಂದು ಗೊತ್ತಾಯಿತು. 1938ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಒಂದು ಮಸೂದೆಯೊಳಗೆ ಈ ಪದ ಸೇರಿದಾಗ ಅಂಬೇಡ್ಕರರು ವಿರೋಧಿಸಿ, ತಮ್ಮ ಪಕ್ಷದವರೊಂದಿಗೆ ಸಭೆಯಿಂದ ಹೊರನಡೆದಿದ್ದರು. ಯಾರಿಗೆ ಹೆಸರಿಟ್ಟರೋ ಅವರನ್ನು ಕೇಳಿ ಇಟ್ಟ ಹೆಸರಲ್ಲ ಅದು. 1982ರಲ್ಲಿ ಕೇಂದ್ರ ಸರ್ಕಾರವೇ ಜಾತಿ ಪ್ರಮಾಣಪತ್ರಗಳಲ್ಲಿ ‘ಹರಿಜನ’ ಎಂದು ಬರೆಯಬೇಡಿರೆಂದು ರಾಜ್ಯಗಳಿಗೆ ಸೂಚಿಸಿತು. ಆಗ ನಾನು ಶಾಲೆಯಲ್ಲಿದ್ದೆ, ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇತ್ತು. ಆದರೂ ನಾಲಗೆ ಹಳೆಯದನ್ನೇ ಹಿಡಿದುಕೊಂಡು ಕೂತಿತ್ತು. ಅಮೆರಿಕದಲ್ಲೂ ಹೀಗೇ ಆಗಿದೆ. 1963ರ ತಮ್ಮ ಪ್ರಸಿದ್ಧ ಭಾಷಣದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಜನರನ್ನು ‘ನೀಗ್ರೋ’ ಎಂದೇ ಕರೆದರು. ಇಂದು ಅಲ್ಲಿ ಸಭ್ಯರಾರೂ ಆ ಪದ ಆಡುವುದಿಲ್ಲ.

ಹಾಗೆಂದು ನನ್ನ ಕಿರಿಕಿರಿ ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾದೀತು. ನೀವೂ ಗಮನಿಸಿರಬಹುದು, ಕೆಲವು ಪದಗಳು ಸೀರೆಯ ಫ್ಯಾಷನ್ನಿಗಿಂತ ಬೇಗ ಬದಲಾಗುತ್ತವೆ. ಮೊದಲು ‘ಅಂಗವಿಕಲ’ ಎನ್ನುತ್ತಿದ್ದೆವು. ಅದು ಸರಿಯಲ್ಲವೆಂದು ‘ವಿಕಲಚೇತನ’ ಬಂತು, ಇಲಾಖೆಯ ಹೆಸರೂ ಆಯಿತು. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ‘ದಿವ್ಯಾಂಗ’ ಎನ್ನೋಣ ಎಂದರು. ಈಗ ಸಭೆಗಳಲ್ಲಿ ‘ವಿಶೇಷಚೇತನ’ ಎಂದು ಕೇಳುತ್ತೇನೆ. ಕನ್ನಡ ಪಾಠ ಹೇಳಿದವಳಿಗೆ ಸುಮ್ಮನಿರಲಾಗದು. ಅಂಗವಿಕಲ ಎಂದರೆ ಊನ ಇದ್ದದ್ದು ಅಂಗದಲ್ಲಿ ಮಾತ್ರ. ವಿಕಲಚೇತನ ಎಂದರೆ ಚೇತನಕ್ಕೇ ಊನ ಬಂದಂತಾಯಿತಲ್ಲ! ಒಳ್ಳೆಯ ಮನಸ್ಸಿನಿಂದಲೇ ಇನ್ನಷ್ಟು ಕೆಟ್ಟ ಹೆಸರಿಟ್ಟ ಹಾಗಾಯಿತು.

ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಒಂದು ಕಾಲು ಸೋತಿರುವ ಗೆಳತಿಯೊಬ್ಬಳಿದ್ದಾಳೆ. ನಿನ್ನನ್ನು ಏನೆಂದು ಕರೆಯಬೇಕೆಂದು ಅವಳನ್ನೇ ಕೇಳಿದೆ. "ನನ್ನ ಹೆಸರು ಮರೆತು ಹೋಯ್ತೇನೆ ನಿಂಗೆ?" ಎಂದು ನಕ್ಕಳು. ಆಮೇಲೆ ಹೇಳಿದಳು: "ದಿವ್ಯಾಂಗ ಅಂತ ಬರೆದ ಸರ್ಟಿಫಿಕೇಟ್ ತಗೊಳ್ಳೋಕೆ ಇಪ್ಪತ್ತೆರಡು ಮೆಟ್ಟಿಲು ಹತ್ತಿದೀನಿ ಕಣೆ. ಒಂದೊಂದೂ ಎಣಿಸಿದೀನಿ."

ಅವಳ ಆ ಮೆಟ್ಟಿಲುಗಳು ನನ್ನನ್ನು ಬಹಳ ಹಿಂದಕ್ಕೆ ಕರೆದುಕೊಂಡು ಹೋದವು. ಸಿಹಿಯಾದ ಹೆಸರು ಕೊಟ್ಟು ಬಾಗಿಲು ಮುಚ್ಚುವುದು ನಮ್ಮ ಸೀಮೆಗೆ ಹೊಸದೇನಲ್ಲ. ಬೇಲೂರು, ಮೇಲುಕೋಟೆಗಳ ಕಡೆ ಒಂದು ಐತಿಹ್ಯವಿದೆ. ರಾಮಾನುಜಾಚಾರ್ಯರು ಚೆಲುವನಾರಾಯಣನ ಮೂರ್ತಿಯನ್ನು ದೆಹಲಿಯಿಂದ ತರುವಾಗ ದಾರಿಯಲ್ಲಿ ನೆರವಾದವರು ಅಸ್ಪೃಶ್ಯರೆನಿಸಿಕೊಂಡ ಜನ. ಆಚಾರ್ಯರು ಅವರಿಗೆ ‘ತಿರುಕುಲದವರು’ ಎಂಬ ಹೆಸರು ಕೊಟ್ಟರು. ತಿರು ಎಂದರೆ ಶ್ರೀ, ಶ್ರೀಕುಲದವರು ಎಂದ ಹಾಗೆ. ಅದಕ್ಕಿಂತ ದೊಡ್ಡ ಹೆಸರು ಯಾವುದಿದೆ? ಆದರೆ ದೇವಸ್ಥಾನದೊಳಗೆ ಅವರ ಪ್ರವೇಶಕ್ಕೆಂದು ಗೊತ್ತುಮಾಡಿದ್ದು ವರ್ಷದಲ್ಲಿ ಕೆಲವೇ ದಿನ. ಆ ಕಾಲಕ್ಕೆ ಅದು ಬಹಳ ದೊಡ್ಡದೇ ಇರಬೇಕು. ಉಳಿದ ದಿನಗಳಲ್ಲಿ ಶ್ರೀಕುಲ ಹೊರಗೇ ನಿಂತಿತ್ತು. ಸಂವಿಧಾನದ 17ನೇ ವಿಧಿ ಬರುವವರೆಗೆ, ಎಂದರೆ 1950ರವರೆಗೆ, ಶತಮಾನಗಳೇ ಕಳೆದವು.

ಹೊರಗಿನ ಮಾತು ಸಾಕು, ನಮ್ಮ ಮನೆಯ ಮಾತಿಗೇ ಬರುತ್ತೇನೆ.

ಹೊಳೆನರಸೀಪುರ ನನ್ನ ತಾಯಿಯ ತವರು. ಬೇಸಿಗೆ ರಜೆಯಲ್ಲಿ ನಾವು ಮಕ್ಕಳೆಲ್ಲ ಅಲ್ಲಿ ಸೇರುತ್ತಿದ್ದೆವು. ಹೇಮಾವತಿಯಲ್ಲಿ ಈಜು, ಲಕ್ಷ್ಮೀನರಸಿಂಹನ ಗುಡಿಯಲ್ಲಿ ಪುಳಿಯೋಗರೆ. ಆ ಮನೆಯಲ್ಲಿ ನಮ್ಮ ದೊಡ್ಡಮ್ಮ ಇದ್ದರು. ಹದಿನಾರನೇ ವಯಸ್ಸಿಗೆ, 1936ರಲ್ಲಿ, ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಮಕ್ಕಳಿರಲಿಲ್ಲ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿದ್ದರು. ಮನೆಯವರಿಗೆಲ್ಲ ಅಡಿಗೆ ಅವರದೇ, ಬಾಣಂತನ ಅವರದೇ, ಹಪ್ಪಳ ಸಂಡಿಗೆ ಅವರದೇ. ಆದರೆ ಮದುವೆಗೆ ದಿಬ್ಬಣ ಹೊರಡುವಾಗ ಹಿತ್ತಲ ಕಡೆ ಸರಿದುಕೊಳ್ಳಬೇಕು. ಬೀದಿಯಲ್ಲಿ ಎದುರಾದರೆ ಜನ "ಥೂ, ಅದು ಎದುರಿಗೆ ಬಂತು" ಎಂದು ತಿರುಗಿ ಹೋಗುತ್ತಿದ್ದರು. ಗಮನಿಸಿ, ‘ಅವರು ಬಂದರು’ ಇಲ್ಲ, ‘ಅವಳು ಬಂದಳು’ ಕೂಡ ಇಲ್ಲ. ವ್ಯಾಕರಣದಲ್ಲಿ ಇದಕ್ಕೆ ನಪುಂಸಕಲಿಂಗ ಎನ್ನುತ್ತೇವೆ.

ದೊಡ್ಡಮ್ಮ ತೀರಿಕೊಂಡ ಮೇಲೆ ಅವರ ತಗಡಿನ ಪೆಟ್ಟಿಗೆ ತೆಗೆದೆವು. ಎರಡು ಸೀರೆ, ಒಂದು ಜಪಮಣಿ, ಕಾಗದದ ಕಟ್ಟು. ಅದರಲ್ಲಿ 1946ರ ಒಂದು ಕಾಗದ ಅವರ ಮೈದುನಂದಿರು ಬರೆದದ್ದು. ಮೊದಲ ಸಾಲೇ "ಗಂಗಾಭಾಗೀರಥಿ ಸಮಾನರಾದ ಅತ್ತಿಗೆಯವರ ಪಾದಾರವಿಂದಗಳಿಗೆ". ವಿಧವೆಯರಿಗೆ ಬರೆಯುವಾಗ ಆಗ ಹೀಗೆ ಬರೆಯುವುದು ಸಂಪ್ರದಾಯ. ಸೌಭಾಗ್ಯವತಿ ಎನ್ನುವಂತಿಲ್ಲವಲ್ಲ, ಅದಕ್ಕೆ ಗಂಗೆಯಷ್ಟು ಪವಿತ್ರರು ಎಂದರು. ಮುಂದಿನ ಸಾಲುಗಳಲ್ಲಿ ವಿಷಯ: ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುತ್ತಿದ್ದೇವೆ, ತಮಗೆ ಅದರಲ್ಲಿ ಅಪೇಕ್ಷೆಯಿಲ್ಲವೆಂದು ಇದರೊಂದಿಗಿರುವ ಪತ್ರಕ್ಕೆ ರುಜು ಹಾಕಿ ಕಳಿಸಿಕೊಡಬೇಕು.

ದೊಡ್ಡಮ್ಮ ರುಜು ಹಾಕಿ ಕಳಿಸಿದರಂತೆ. "ನಂಗ್ಯಾಕೆ ಜಮೀನು, ಎರಡು ಹೊತ್ತು ಊಟ ಸಿಕ್ಕರೆ ಸಾಕು" ಎಂದರಂತೆ.

ನನ್ನ ಹೊಟ್ಟೆ ಉರಿದದ್ದು ಆಮೇಲೆ, ಕಾನೂನಿನ ಪುಸ್ತಕ ನೋಡಿದಾಗ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದಿತ್ತು. ಅಣ್ಣತಮ್ಮಂದಿರು ಪಾಲಾಗುವಾಗ, ಗಂಡುಮಕ್ಕಳಿಲ್ಲದೆ ತೀರಿಕೊಂಡ ಸೋದರನ ಹೆಂಡತಿಗೂ ಪಾಲು ಕೊಡಬೇಕೆಂದು ಅದರಲ್ಲಿತ್ತು. ಬ್ರಿಟಿಷರ ಸೀಮೆಯ ವಿಧವೆಯರಿಗೆ ಇಂಥದೊಂದು ಕಾನೂನು ಸಿಕ್ಕಿದ್ದು 1937ರಲ್ಲಿ. ನಮ್ಮ ಹಾಸನ ಜಿಲ್ಲೆಯವರಿಗೆ ಅದಕ್ಕೂ ನಾಲ್ಕು ವರ್ಷ ಮೊದಲೇ ಸಿಕ್ಕಿತ್ತು. ದೊಡ್ಡಮ್ಮನಿಗೆ ಯಾರೂ ಹೇಳಲಿಲ್ಲ. ಗಂಗೆ ಎಂದು ಕರೆದು ಗದ್ದೆ ಉಳಿಸಿಕೊಂಡರು.

2023ರ ಏಪ್ರಿಲ್‌ನಲ್ಲಿ ಪತ್ರಿಕೆ ಓದುತ್ತಿದ್ದವಳು ಬೆಚ್ಚಿದೆ. ಮಹಾರಾಷ್ಟ್ರದ ಮಂತ್ರಿಯೊಬ್ಬರು ವಿಧವೆಯರನ್ನು ಇನ್ನು ಗೌರವದಿಂದ ‘ಗಂಗಾ ಭಾಗೀರಥಿ’ ಎಂದು ಕರೆಯುವ ಪ್ರಸ್ತಾಪ ಮಾಡಿದ್ದರು. ಅಲ್ಲಿನ ಹೆಂಗಸರು ಕೂಡಲೇ ಪ್ರತಿಭಟಿಸಿದರು. ನನಗಂತೂ ಆ ತಗಡಿನ ಪೆಟ್ಟಿಗೆಯೇ ಮತ್ತೆ ತೆರೆದಂತಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ನ್ಯಾಯಾಧೀಶರಿಗೂ ವಕೀಲರಿಗೂ ಒಂದು ಕೈಪಿಡಿ ಹೊರತಂದಿತು. ಹೆಂಗಸರ ಬಗ್ಗೆ ಬರೆಯುವಾಗ ಯಾವ ಪದ ಬೇಡ, ಅದರ ಬದಲು ಯಾವುದು ಎಂಬ ಪಟ್ಟಿ ಅದರಲ್ಲಿದೆ. ಪತಿತೆ ಎನ್ನಬೇಡಿ, ಹೆಣ್ಣು ಎನ್ನಿ. ಪರಿಶುದ್ಧ ಹೆಣ್ಣು ಎನ್ನಬೇಡಿ, ಹೆಣ್ಣು ಎನ್ನಿ. ಅದು ನನಗೆ ಬಹಳ ಹಿಡಿಸಿತು. ಹೊಸ ಕಿರೀಟ ತೊಡಿಸದೆ, ಅಂಟಿಸಿದ್ದ ಚೀಟಿಯನ್ನಷ್ಟೇ ಕಿತ್ತಿದ್ದರು.

ಮಾತಿಗೆ ಸಿಟ್ಟಾಗುವುದರಲ್ಲಿ ನಾವೇನು ಹಿಂದೆ ಬಿದ್ದವರಲ್ಲ. 1973ರ ನವೆಂಬರಿನಲ್ಲಿ ನಾನು ಹಾಸನದಲ್ಲಿ ಕಾಲೇಜು ಓದುತ್ತಿದ್ದೆ. ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತನಾಡುತ್ತ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುಬಿಟ್ಟರು. ರಾಜ್ಯದ ಉದ್ದಗಲಕ್ಕೂ ಗಲಾಟೆ. ಅವರು ರಾಜೀನಾಮೆ ಕೊಡಬೇಕಾಯಿತು. ನನಗೂ ರಕ್ತ ಕುದಿದಿತ್ತು, ಕನ್ನಡ ಐಚ್ಛಿಕ ತೆಗೆದುಕೊಂಡವಳಲ್ಲವೇ? ಆದರೆ ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಬೇಕೆಂದು ಆಜ್ಞೆ ಮಾಡಿಸಿದ ಮಂತ್ರಿಯೂ ಅವರೇ ಎಂಬುದು ಆ ದಿನ ನನ್ನ ನೆನಪಿಗೆ ಬರಲಿಲ್ಲ. ನಮ್ಮ ಮನೆಯ ಹಿತ್ತಲಿಗೂ ಬೆಳಿಗ್ಗೆ ಬುಟ್ಟಿ ಹಿಡಿದು ಒಬ್ಬ ಹೆಂಗಸು ಬರುತ್ತಿದ್ದಳು. ಒಂದು ಮಾತಿಗೆ ಕುದಿದ ನನ್ನ ರಕ್ತ ಆ ಬುಟ್ಟಿಯನ್ನು ಕಂಡು ಒಂದು ದಿನವೂ ಬೆಚ್ಚಗಾಗಿರಲಿಲ್ಲ. ಮಲ ಹೊರುವುದನ್ನು ನಿಷೇಧಿಸಿ ದೇಶಕ್ಕೆ ಕಾನೂನು ಬರಲು 1993 ಆಗಬೇಕಾಯಿತು, ಅದು ಸಾಲದೆ 2013ರಲ್ಲಿ ಇನ್ನೊಂದು.

ಕನ್ನಡದಲ್ಲಿ ಯಾವ ಸುತ್ತೋಲೆಯೂ ಮುಟ್ಟದ ಇನ್ನೊಂದು ವಿಷಯವಿದೆ, ಏಕವಚನ ಬಹುವಚನ. ಅರಕಲಗೂಡಿನ ನಮ್ಮ ಗದ್ದೆ ಕೆಲಸಕ್ಕೆ ಒಬ್ಬ ಮುದುಕ ಬರುತ್ತಿದ್ದ. ಅವನಿಗೆ... ನೋಡಿ, ಈಗಲೂ ನನ್ನ ಪೆನ್ನು ‘ಅವನಿಗೆ’ ಎಂದೇ ಬರೆಯುತ್ತಿದೆ. ಅವರಿಗೆ ಎಪ್ಪತ್ತು, ನನಗೆ ಏಳು. "ಲೋ, ಬಾರೋ, ಅಮ್ಮ ಕರೀತಾರೆ" ಎಂದು ನಾನು ಕೂಗುತ್ತಿದ್ದೆ. "ಬಂದೆ ಕಣ್ರವ್ವಾ" ಎಂದು ಓಡಿ ಬರುತ್ತಿದ್ದರು. ಹರಿಜನ ಎಂದು ಬಾಯ್ತುಂಬ ಹೇಳುತ್ತಿದ್ದ ನಮ್ಮಪ್ಪ ಪಕ್ಕದಲ್ಲೇ ಕೂತಿರುತ್ತಿದ್ದರು. ನನ್ನನ್ನು ತಿದ್ದಲಿಲ್ಲ. ಅಪ್ಪನ ಮೇಲಿನ ಪ್ರೀತಿ ಇದರಿಂದ ಕಡಿಮೆಯಾಗಿಲ್ಲ, ಆದರೆ ಈ ಲೆಕ್ಕ ಬರೆಯದೆ ಬಿಟ್ಟರೆ ಸರಿಹೋಗದು.

ಪದಗಳು ಇಷ್ಟು ಬೇಗ ಯಾಕೆ ಹಳಸುತ್ತವೆ ಎಂದು ಈಗ ಸ್ವಲ್ಪ ತಿಳಿದಂತಿದೆ. ಒಳ್ಳೆಯ ಹೆಸರು ಕೊಡುವಾಗ ಅದರ ಜೊತೆಗೆ ಇನ್ನೇನೋ ಕೊಡುತ್ತೇವೆಂದು ಮಾತು ಕೊಟ್ಟಿರುತ್ತೇವೆ. ಪಾಲು, ಬಾಗಿಲು, ಕುರ್ಚಿ, ಏನೋ ಒಂದು. ಅದನ್ನು ಕೊಡದೆ ಹೋದಾಗ ಹೆಸರು ನಾರತೊಡಗುತ್ತದೆ, ಇನ್ನೊಂದನ್ನು ಹುಡುಕಬೇಕಾಗುತ್ತದೆ. 2018ರಲ್ಲಿ ಕೇಂದ್ರದ ವಾರ್ತಾ ಇಲಾಖೆ ‘ದಲಿತ’ ಪದವನ್ನೂ ಬಳಸಬೇಡಿರೆಂದು ಟಿ.ವಿ. ಚಾನೆಲ್‌ಗಳಿಗೆ ಸಲಹೆ ಮಾಡಿತು. ಆದರೆ ಅದು ಹೋರಾಟದಲ್ಲಿ ಆ ಜನರೇ ತಮಗೆ ಆರಿಸಿಕೊಂಡ ಹೆಸರು. ಮೇಲಿನಿಂದ ಕೊಟ್ಟದ್ದಕ್ಕೂ ತಾವೇ ಇಟ್ಟುಕೊಂಡದ್ದಕ್ಕೂ ವ್ಯತ್ಯಾಸವಿಲ್ಲವೇ? ಕರೆಸಿಕೊಳ್ಳುವವರನ್ನು ಒಮ್ಮೆ ಕೇಳಿದರೆ ಅರ್ಧ ಜಗಳ ಮುಗಿಯುತ್ತದೆ.

ಇಷ್ಟೆಲ್ಲ ಯೋಚಿಸಿ ನಾನು ‘ಹರಿಜನ’ ಎನ್ನುವುದನ್ನು ಬಿಟ್ಟೆ. ನಮ್ಮ ಹುಡುಗಿಗೆ ಫೋನ್ ಮಾಡಿ ಹೇಳಿಯೂ ಹೇಳಿದೆ. ಸಂತೋಷಪಟ್ಟಳು. ಅದಾಗಿ ಕೆಲವು ತಿಂಗಳಿಗೆ ಅವಳ ಸೀಮಂತ ಬಂತು.

ಚನ್ನರಾಯಪಟ್ಟಣದ ಛತ್ರ, ಮಲ್ಲಿಗೆ ದಂಡೆ, ಹಸಿರು ಬಳೆ. ಅರಿಸಿನ ಕುಂಕುಮದ ತಟ್ಟೆ ಸಾಲಿನಲ್ಲಿ ಬಂತು. ಬಲಗಡೆಯವರಿಗೆ ಕೊಟ್ಟರು. ನನ್ನ ಮುಂದೆ ಒಂದು ಕ್ಷಣ ನಿಂತು, ಎಡಗಡೆಯವರ ಹತ್ತಿರ ಹೋಯಿತು. ನಮ್ಮ ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಗಿದೆ. ತಟ್ಟೆ ಹಿಡಿದ ಹೆಂಗಸು ಮೃದುವಾಗಿ, "ನೀವು ಹಿರಿಯರು, ಹರಸಿದ್ರೆ ಸಾಕು" ಎಂದಳು. ಎಷ್ಟು ಒಳ್ಳೆಯ ಮಾತು! ನನ್ನ ಕಿವಿಯಲ್ಲಿ ಮಾತ್ರ ದೊಡ್ಡಮ್ಮನ ಕಾಗದದ ಮೊದಲ ಸಾಲು ಕೇಳಿಸಿತು. ಹಸೆಯ ಮೇಲೆ ಕುಳಿತಿದ್ದ ನಮ್ಮ ಹುಡುಗಿ ನೋಡಿದಳು. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮೂರು ದಿನದ ಮೇಲೆ ಅವಳದೇ ಫೋನು. ಬಹಳ ಹೊತ್ತು ಅದು ಇದು ಮಾತಾಡಿದಳು. ಕೊನೆಗೆ, "ಅತ್ತೆ, ಜಗುಲಿ ಮೇಲೆ ಕೂತು ನಿಮ್ಮನ್ನ ತಿದ್ದೋದು ಸುಲಭ ಇತ್ತು. ಅವತ್ತು ನಮ್ಮತ್ತೆ ಮನೆಯವರೆಲ್ಲ ಇದ್ರು, ಬಾಯೇ ಬರಲಿಲ್ಲ" ಎಂದಳು.

"ನಂಗೂ ಬಂದಿರಲಿಲ್ಲ ಕಣೆ, ದೊಡ್ಡಮ್ಮನ ವಿಷಯದಲ್ಲಿ" ಎಂದೆ.

ಈಗ ಮಗು ಹುಟ್ಟಿದೆ, ಹೆಣ್ಣು. ಬರುವ ತಿಂಗಳು ನಾಮಕರಣ. ಮೊನ್ನೆ ಮತ್ತೆ ಫೋನ್ ಮಾಡಿದ್ದಳು. ಮನೆಯಲ್ಲಿ ಎಲ್ಲರೊಂದಿಗೂ ಮಾತಾಡಿದ್ದಾಳಂತೆ, ಸ್ವಲ್ಪ ಜಗಳವೂ ಆಯಿತಂತೆ. "ಮಗು ಕಿವಿಯಲ್ಲಿ ಹೆಸರು ಹೇಳೋರು ನೀವೇ. ಬೆಳಿಗ್ಗೆ ಮೊದಲ ಬಸ್ಸಿಗೇ ಬಂದ್ಬಿಡಿ" ಎಂದಿದ್ದಾಳೆ.

ಯಾವ ಹೆಸರೆಂದು ಇನ್ನೂ ನನಗೆ ಹೇಳಿಲ್ಲ.