ಕಾರ್ಲೋಸ್ ಗೋಮೆಸ್: ಬ್ರೆಜಿಲಿನ ಗೀತನಾಟಕಕಾರ

ಐರೋಪ್ಯ ಸಂಗೀತಗಾರರು ಗಂಡಸಿನ ಶಾರೀರವನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮಂದ್ರದಲ್ಲಿ ಗಂಭೀರವಾಗಿ ಸಂಚರಿಸುವುದು ಬಾಸ್, ನಡುವಣದು ಬ್ಯಾರಿಟೋನ್, ತಾರಸ್ಥಾಯಿಯಲ್ಲಿ ನಿರಾಯಾಸವಾಗಿ ನಿಲ್ಲತಕ್ಕದ್ದು ಟೆನರ್. ಇಟಲಿಯ ಗೀತನಾಟಕದಲ್ಲಿ, ಎಂದರೆ ಆಪೆರದಲ್ಲಿ, ಈ ವಿಂಗಡಣೆ ಕೇವಲ ಶಾರೀರಕ್ಕೆ ಸಂಬಂಧಿಸಿದ ಮಾತಲ್ಲ. ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷ ಕಣ್ಣಿಗೆ ಬಿದ್ದೊಡನೆ ಬಂದವನು ರಾಕ್ಷಸನೆಂದು ತಿಳಿಯುವಂತೆ, ಅಲ್ಲಿ ಕಂಠ ಕಿವಿಗೆ ಬಿದ್ದೊಡನೆ ಪಾತ್ರದ ಅಂತಸ್ತು ತಿಳಿಯುತ್ತದೆ. ವೃದ್ಧ ತಂದೆಯೂ ಪುರೋಹಿತನೂ ಬಾಸ್. ಪ್ರತಿನಾಯಕನು ಬಹುಮಟ್ಟಿಗೆ ಬ್ಯಾರಿಟೋನ್. ನಾಯಕಿಯ ಒಲವಿಗೆ ಪಾತ್ರನಾದ ನಾಯಕನು ಟೆನರ್. ಈ ಕಟ್ಟಳೆಗೆ ಅಪವಾದಗಳು ಇಲ್ಲದಿಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದ ಪ್ರೇಕ್ಷಕರು ಇದನ್ನು ನೆಚ್ಚಿಯೇ ನಾಟಕಶಾಲೆಗೆ ಬರುತ್ತಿದ್ದರು.

ಇದನ್ನು ಮೊದಲೇ ಹೇಳಲು ಕಾರಣವುಂಟು. 1870ನೆಯ ಇಸವಿ ಮಾರ್ಚ್ 19ರ ರಾತ್ರಿ ಮಿಲಾನ್ ನಗರದ ಲಾ ಸ್ಕಾಲಾ ರಂಗಮಂದಿರದಲ್ಲಿ ಒಂದು ಹೊಸ ಗೀತನಾಟಕವು ಪ್ರದರ್ಶಿತವಾಯಿತು. ಅದರ ಟೆನರ್ ನಾಯಕನು ರಾಜಕುಮಾರನಲ್ಲ, ಸೇನಾನಿಯಲ್ಲ, ಯೂರೋಪಿನವನೇ ಅಲ್ಲ. ಬ್ರೆಜಿಲ್ ದೇಶದ ಕಾಡಿನಲ್ಲಿ ಹುಟ್ಟಿ ಬೆಳೆದ ಗ್ವಾರನಿ ಕುಲದ ಒಬ್ಬ ನಾಯಕ, ಪೇರಿ ಎಂಬುವನು. ಆ ನಾಟಕಕ್ಕೆ ಸಂಗೀತ ರಚಿಸಿದವನೂ ಬ್ರೆಜಿಲಿನವನೇ: ಮೂವತ್ತಮೂರು ವಯಸ್ಸಿನ ಅಂತೋನಿಯೊ ಕಾರ್ಲೋಸ್ ಗೋಮೆಸ್. ದಕ್ಷಿಣ ಅಮೆರಿಕದ ಸಂಗೀತಗಾರನೊಬ್ಬನಿಗೆ ಯೂರೋಪಿನ ಆ ಮಹಾಸಭೆಯಲ್ಲಿ ಇಂಥ ಮರ್ಯಾದೆ ಅದಕ್ಕೆ ಹಿಂದೆ ಸಂದಿರಲಿಲ್ಲ. ಆ ಮರ್ಯಾದೆಗಾಗಿ ಅವನು ಏನನ್ನು ಕೊಟ್ಟನು ಎಂಬುದೇ ಅವನ ಜೀವನಚರಿತ್ರೆ.

ಗೋಮೆಸನು ಹುಟ್ಟಿದ್ದು 1836ನೆಯ ಜುಲೈ 11ರಂದು, ಸಾವೊ ಪಾಲೊ ಪ್ರಾಂತದ ಕಂಪೀನಾಸ್ ಎಂಬ ಊರಿನಲ್ಲಿ. ಸುತ್ತಲೂ ಕಬ್ಬಿನ ತೋಟಗಳು, ತರುವಾಯ ಕಾಫಿಯ ತೋಟಗಳು. ಅವುಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ತಂದ ಗುಲಾಮರು ಮತ್ತು ಅವರ ಮಕ್ಕಳು. ತಂದೆ ಮಾನ್ವೆಲ್ ಜೋಸೆ ಗೋಮೆಸನು ಊರಿನ ವಾದ್ಯಮೇಳದ ಒಡೆಯ, ಮಿಶ್ರ ಸಂತತಿಯವನು. ಮಗನು ಆ ಮೇಳದಲ್ಲಿ ನುಡಿಸುತ್ತಲೇ ಬೆಳೆದನು. 1859ರಲ್ಲಿ ತಂದೆಯ ಅಪ್ಪಣೆಯಿಲ್ಲದೆ ಮನೆ ಬಿಟ್ಟು ಸಾವೊ ಪಾಲೊ ನಗರಕ್ಕೆ ಹೋಗಿ, ಅಲ್ಲಿಯ ಕಾನೂನು ವಿದ್ಯಾರ್ಥಿಗಳಿಗೆ ಒಂದು ಗೀತೆಯನ್ನು ಕಟ್ಟಿಕೊಟ್ಟು ಅವರ ಪ್ರೀತಿ ಗಳಿಸಿ, ಅಲ್ಲಿಂದ ರಾಜಧಾನಿಯಾದ ರಿಯೊ ದೆ ಜನೈರೊ ಪಟ್ಟಣವನ್ನು ಸೇರಿದನು. ಚಕ್ರವರ್ತಿ ಎರಡನೆಯ ಪೆದ್ರೊ ವಿದ್ಯಾಪಕ್ಷಪಾತಿ. ಅವನ ಆಶ್ರಯ ದೊರೆತು, ಯುವಕನು ಅಲ್ಲಿಯ ಸಂಗೀತ ವಿದ್ಯಾಲಯದಲ್ಲಿ ಶಿಷ್ಯನಾದನು. ಬ್ರೆಜಿಲಿನ ರಾಷ್ಟ್ರಗೀತೆಗೆ ಸ್ವರ ಸಂಯೋಜಿಸಿದ ಫ್ರಾನ್ಸಿಸ್ಕೊ ಮಾನ್ವೆಲ್ ದ ಸಿಲ್ವನು ಆಗ ಆ ವಿದ್ಯಾಲಯದ ಮುಖ್ಯಸ್ಥನಾಗಿದ್ದನು.

ಇಲ್ಲಿ ಒಂದು ಸಂಗತಿಯನ್ನು ಶ್ರೋತೃಗಳು ಮನಸ್ಸಿನಲ್ಲಿಡಬೇಕು. ಗೀತನಾಟಕವೆಂದರೆ ಇಟಾಲಿಯನ್ ಭಾಷೆಯದೇ ಸರಿ ಎಂಬ ಭಾವನೆಯನ್ನು ಅಳಿಸಬೇಕೆಂದು 1857ರಲ್ಲಿ ರಿಯೊ ನಗರದಲ್ಲಿ ರಾಷ್ಟ್ರೀಯ ಗೀತನಾಟಕ ಸಂಸ್ಥೆಯೊಂದು ಹುಟ್ಟಿತ್ತು. ದೇಶಭಾಷೆಯಾದ ಪೋರ್ಚುಗೀಸಿನಲ್ಲಿ ಹಾಡಿಸುವುದು ಅದರ ಧ್ಯೇಯ. ಗೋಮೆಸನ ಮೊದಲ ಎರಡು ಕೃತಿಗಳು, 1861ರ ‘ಕೋಟೆಯ ರಾತ್ರಿ’ ಮತ್ತು 1863ರ ‘ಫ್ಲಾಂಡರ್ಸಿನ ಜೊವಾನ’, ಪೋರ್ಚುಗೀಸಿನಲ್ಲಿಯೇ ಇವೆ. ಕಥೆಗಳು ಮಾತ್ರ ಎರಡೂ ಮಧ್ಯಯುಗದ ಯೂರೋಪಿನವು! ಭಾಷೆ ಸ್ವದೇಶದ್ದು, ವಸ್ತು ಪರದೇಶದ್ದು. ಮುಂದೆ ಅವನು ಸ್ವದೇಶದ ವಸ್ತುವನ್ನು ಎತ್ತಿಕೊಂಡಾಗ ಭಾಷೆ ಪರದೇಶದ್ದಾಯಿತು. ಎರಡೂ ಒಂದೇ ಕೃತಿಯಲ್ಲಿ ಕೂಡುವ ಯೋಗವು ಈ ಮನುಷ್ಯನಿಗೆ ಬರಲೇ ಇಲ್ಲ.

ಎರಡನೆಯ ನಾಟಕದ ತರುವಾಯ ಅವನಿಗೆ ಯೂರೋಪಿನಲ್ಲಿ ವ್ಯಾಸಂಗ ಮಾಡಲು ವೇತನ ದೊರೆಯಿತು. ಚಕ್ರವರ್ತಿಗೆ ಜರ್ಮನಿಯ ಮೇಲೆ ಮನಸ್ಸಿತ್ತೆಂದೂ ನೇಪಲ್ಸಿನಿಂದ ಬಂದ ಚಕ್ರವರ್ತಿನಿಯು ಇಟಲಿಯೇ ಆಗಲೆಂದಳೆಂದೂ ಹೇಳುವುದುಂಟು. 1876ರಲ್ಲಿ ವಾಗ್ನರನ ಬೈರಾಯ್ಟ್ ಉತ್ಸವ ಮೊದಲ ಸಲ ನಡೆದಾಗ ಸಮುದ್ರ ದಾಟಿ ಅಲ್ಲಿಗೆ ಹೋಗಿ ಕುಳಿತವರಲ್ಲಿ ಈ ಪೆದ್ರೊ ಚಕ್ರವರ್ತಿಯೂ ಒಬ್ಬನಾದುದರಿಂದ ಆ ಮಾತನ್ನು ತೆಗೆದುಹಾಕುವಂತಿಲ್ಲ. ಅದಂತಿರಲಿ. 1863ರ ಡಿಸೆಂಬರಿನಲ್ಲಿ ಹಡಗು ಹತ್ತಿದ ಗೋಮೆಸನು ಮಿಲಾನಿನಲ್ಲಿ ಲೌರೊ ರೊಸ್ಸಿ ಎಂಬ ಆಚಾರ್ಯನ ಬಳಿ ಅಭ್ಯಾಸ ಮಾಡಿ 1866ರಲ್ಲಿ ಪದವಿಯನ್ನು ಪಡೆದನು. ಪದವಿ ಬಂದೊಡನೆ ಕೀರ್ತಿ ಬರಲಿಲ್ಲ. ಹೊಟ್ಟೆಯ ಪಾಡಿಗಾಗಿ ಮಿಲಾನಿನ ಆಡುಮಾತಿನ ಒಂದು ಹಾಸ್ಯಪ್ರಸಂಗಕ್ಕೆ ಹಾಡುಗಳನ್ನು ಕಟ್ಟಿದನು. ಪ್ರಷ್ಯದ ಸೈನ್ಯವು ಆಗತಾನೆ ಪ್ರಯೋಗಿಸಿದ್ದ ಸೂಜಿ ಬಂದೂಕನ್ನು ಕುರಿತ ಒಂದು ಹಾಡು ಅದರಲ್ಲಿತ್ತು. ಅದನ್ನು ಬೀದಿಯ ಹುಡುಗರೆಲ್ಲ ಹಾಡತೊಡಗಿದರಂತೆ. ರಾಜಾಶ್ರಯದಿಂದ ಬಂದ ವಿದ್ವಾಂಸನು ಬೀದಿಯ ಬಾಯಿಂದ ಪ್ರಸಿದ್ಧನಾದನು.

ಇಷ್ಟರಲ್ಲಿ ಅವನ ಕೈಗೆ ‘ಗ್ವಾರನಿ’ ಕಾದಂಬರಿ ಸಿಕ್ಕಿತು. ಅದನ್ನು ಬರೆದವನು ಬ್ರೆಜಿಲಿನ ಜೋಸೆ ದೆ ಅಲೆಂಕಾರ್; ಪ್ರಕಟವಾದದ್ದು 1857ರಲ್ಲಿ. ಕಥೆ ಸಂಗ್ರಹವಾಗಿ ಹೀಗಿದೆ: ದೊನ್ ಅಂತೋನಿಯೊ ಎಂಬ ಪೋರ್ಚುಗೀಸ್ ಶ್ರೀಮಂತನು ಕಾಡಿನ ನಡುವೆ ಕೋಟೆ ಕಟ್ಟಿಕೊಂಡಿದ್ದಾನೆ. ಅವನ ಮಗಳು ಸೆಸಿಲಿಯ. ಗ್ವಾರನಿ ಕುಲದ ಪೇರಿಗೆ ಅವಳಲ್ಲಿ ಅನುರಾಗ; ಅದು ಭಕ್ತಿಗೆ ಸಮೀಪವಾದುದು. ಅವಳ ಮೇಲೂ ಕೋಟೆಯ ಮೇಲೂ ಕಣ್ಣಿಟ್ಟ ದ್ರೋಹಿಗಳು ಒಳಗೆ, ಐಮೊರೆ ಎಂಬ ಉಗ್ರ ಕುಲದವರು ಹೊರಗೆ. ಕೊನೆಗೆ ತಂದೆಯು ಮಗಳನ್ನು ಪೇರಿಯ ಕೈಗೆ ಒಪ್ಪಿಸಿ, ಮದ್ದಿಗೆ ಬೆಂಕಿಯಿಟ್ಟು, ವೈರಿಗಳೊಡನೆ ತಾನೂ ಕೋಟೆಯೂ ಸಿಡಿದುಹೋಗುವಂತೆ ಮಾಡುತ್ತಾನೆ. ಆದರೆ ಮಗಳನ್ನು ಒಪ್ಪಿಸುವುದಕ್ಕೆ ಮುಂಚೆ ಪೇರಿಯು ಕ್ರೈಸ್ತನಾಗಬೇಕು, ಆಗುತ್ತಾನೆ.

ಈ ಕುಲಗಳ ಜನರನ್ನು ಯೂರೋಪಿನವರು ‘ಇಂಡಿಯನ್ನರು’ ಎಂದರು. ನಮ್ಮ ದೇಶವನ್ನು ಹುಡುಕುತ್ತ ಹೊರಟು ದಾರಿ ತಪ್ಪಿದ ಕೊಲಂಬಸನ ಪ್ರಸಾದವಿದು. ನಮ್ಮ ಹೆಸರನ್ನು ಹೊತ್ತು ನಾಲ್ಕು ಶತಮಾನ ಕಷ್ಟಪಟ್ಟ ಆ ಜನರನ್ನು ಮೂಲನಿವಾಸಿಗಳೆಂದು ಕರೆಯುವುದೇ ನಮಗೆ ಲೇಸು.

ಲಾ ಸ್ಕಾಲಾದಲ್ಲಿ ನಾಟಕ ಗೆದ್ದಿತು. ಸೆಸಿಲಿಯಳ ಪಾತ್ರವನ್ನು ಹಾಡಿದವಳು ಪ್ಯಾರಿಸ್ಸಿನಲ್ಲಿ ಹೆಸರಾಗಿದ್ದ ಮರೀ ಸಾಸ್. ಐಮೊರೆಗಳ ಮುಖಂಡನಾಗಿ ಹಾಡಿದ ಬ್ಯಾರಿಟೋನ್ ವಿಕ್ಟರ್ ಮೊರೆಲನು ಮುಂದೆ ವರ್ದಿಯ ‘ಒತೆಲ್ಲೊ’ದಲ್ಲಿ ಇಯಾಗೊ ಆಗಿ ಲೋಕಪ್ರಸಿದ್ಧನಾದನು. ಅದೇ ವರ್ಷ ಡಿಸೆಂಬರ್ 2ರಂದು, ಚಕ್ರವರ್ತಿಯ ಹುಟ್ಟಿದ ಹಬ್ಬದ ದಿನ, ರಿಯೊ ನಗರದಲ್ಲಿಯೂ ಪ್ರದರ್ಶನವಾಯಿತು. ನಾಟಕವು ಊರೂರು ಸುತ್ತಿತಾದರೂ ಕರ್ತೃವಿನ ಕೈಗೆ ಬಂದದ್ದು ಅಲ್ಪ. ಹಕ್ಕನ್ನು ಅವನು ಲೂಕ ಎಂಬ ಪ್ರಕಾಶಕನಿಗೆ ಆಗಲೇ ಮಾರಿಬಿಟ್ಟಿದ್ದನು. ಮರುವರ್ಷ ಅವನು ಮದುವೆಯಾದ ಇಟಾಲಿಯನ್ ಪಿಯಾನೊವಾದಕಿಯ ಮನೆತನದ ಹೆಸರು, ವಿನೋದವೆಂಬಂತೆ, ಪೇರಿ!

ಈಗ ತೂಕ ಮಾಡಿ ನೋಡೋಣ. ಪೇರಿಯ ಬಾಯಲ್ಲಿ ಇರುವುದು ಇಟಾಲಿಯನ್ ಭಾಷೆ, ವರ್ದಿಯ ಕಾಲದ ಇಟಾಲಿಯನ್ ರಾಗಸರಣಿ. ಕಾಡಿನ ಜನರ ಸಂಗೀತದ ಸೊಲ್ಲು ಅಲ್ಲಿಲ್ಲವೆಂದರೂ ಸಲ್ಲುತ್ತದೆ. ಆದುದರಿಂದ ಇದು ಬ್ರೆಜಿಲಿನ ಕೃತಿಯೇ ಅಲ್ಲವೆಂದು ಹೇಳಿದವರುಂಟು. ನನಗೆ ಈ ತೀರ್ಪು ಅವಸರದ್ದೆಂದು ತೋರುತ್ತದೆ. ಕಪ್ಪೆಚಿಪ್ಪಿನ ಸರಗಳನ್ನೂ ಗರಿಗಳನ್ನೂ ತೊಡಿಸಿ ಒಬ್ಬ ಮೂಲನಿವಾಸಿಯನ್ನು ರಂಗದ ಮೂಲೆಯಲ್ಲಿ ಕುಣಿಸಿದ್ದರೆ ಮಿಲಾನಿನವರು ನೋಡಿ ನಕ್ಕು ಮರೆಯುತ್ತಿದ್ದರು. ಗೋಮೆಸನು ಹಾಗೆ ಮಾಡದೆ ಅವನಿಗೆ ಟೆನರಿನ ಕಂಠವನ್ನು ಕೊಟ್ಟನು. ನಾಯಕಿ ಅವನ ಕಡೆಗೆ ತಿರುಗುತ್ತಾಳೆ. ಸಭೆಯ ಚಪ್ಪಾಳೆ ಅವನಿಗೆ ಬೀಳುತ್ತದೆ. ಆ ಪ್ರೇಕ್ಷಕರ ಕಟ್ಟಳೆಯೊಳಗೆ ಇದಕ್ಕಿಂತ ದೊಡ್ಡ ಪಟ್ಟ ಇರಲಿಲ್ಲ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಏರಿಳಿತಗಳು ಬಹಳ. 1873ರ ‘ಫೋಸ್ಕ’ ಸೋತಿತು. 1874ರಲ್ಲಿ ಜೆನೋವದಲ್ಲಿ ‘ಸಾಲ್ವತೋರ್ ರೋಸ’ ಗೆದ್ದಿತು. 1879ರ ‘ಮರಿಯ ಟ್ಯೂಡರ್’, ತಮಾಞೊನಂಥ ಸಿಂಹಕಂಠದ ಟೆನರಿದ್ದೂ, ನಿಲ್ಲಲಿಲ್ಲ. ಮಕ್ಕಳಲ್ಲಿ ಹಲವರು ಎಳೆಯರಾಗಿಯೇ ತೀರಿಕೊಂಡರು; ದಾಂಪತ್ಯವೂ ಮುರಿಯಿತು. ಲೆಕ್ಕೊ ಊರಿನ ಬಳಿ ‘ವಿಲ್ಲಾ ಬ್ರಸೀಲಿಯ’ ಎಂದು ಹೆಸರಿಟ್ಟು ಕಟ್ಟಿಸಿದ್ದ ಭವ್ಯವಾದ ಮನೆ ಸಾಲಕ್ಕೆ ಹೋಯಿತು.

ಇನ್ನು ‘ಗುಲಾಮ’ ಎಂಬ ನಾಟಕದ ವಿಷಯ. ಇದನ್ನು ನಿಧಾನವಾಗಿ ಹೇಳಬೇಕು. 1880ರಲ್ಲಿ ಗೋಮೆಸನು ಸ್ವದೇಶಕ್ಕೆ ಬಂದಾಗ ಗುಲಾಮಗಿರಿಯ ವಿಮೋಚನೆಯ ಚಳವಳಿ ಬಲಗೊಳ್ಳುತ್ತಿತ್ತು. ತೌನೆ ಎಂಬ ಗ್ರಂಥಕರ್ತನು ಅವನಿಗೆ ಒಂದು ಕಥಾವಸ್ತುವನ್ನು ಸೂಚಿಸಿದನು. ಅದರ ಪಾತ್ರಗಳು ತೋಟದಲ್ಲಿ ದುಡಿಯುವ ಆಫ್ರಿಕ ಮೂಲದ ಗುಲಾಮರು. ಕಂಪೀನಾಸಿನಲ್ಲಿ ಬೆಳೆದ ಗೋಮೆಸನಿಗೆ ಅವರು ಪುಸ್ತಕದ ಜನರಲ್ಲ. ಆದರೆ ಇಟಲಿಯಲ್ಲಿ ಸಾಹಿತ್ಯವನ್ನು ಬರೆದ ಪಾರವಿಚೀನಿಯು ಕಥೆಯನ್ನು 1567ನೆಯ ಇಸವಿಗೆ ತಳ್ಳಿ, ಗುಲಾಮರನ್ನು ಮೂಲನಿವಾಸಿಗಳಾಗಿ ಮಾರ್ಪಡಿಸಿದನು. ಗರಿ ತೊಟ್ಟ ವೀರರನ್ನು ಇಟಲಿಯ ರಂಗವು ಆಗಲೇ ಕಂಡು ಮೆಚ್ಚಿತ್ತು. ಕಾಫಿಯ ತೋಟದ ಆಳನ್ನು ಕಂಡಿರಲಿಲ್ಲ. ಗೋಮೆಸನು ಒಪ್ಪಿದನು. ಕಂಠಗಳ ಹಂಚಿಕೆಯನ್ನು ನೋಡಿದರೆ ಎಲ್ಲವೂ ತಿಳಿಯುತ್ತದೆ: ಗುಲಾಮನಾದ ಇಬೆರೆ ಬ್ಯಾರಿಟೋನ್, ಟೆನರ್ ಕಂಠವು ಒಡೆಯನ ಮಗನಾದ ಅಮೆರಿಕೊ ಎಂಬ ಪೋರ್ಚುಗೀಸ್ ತರುಣನದು. ಪ್ರೇಮಿಗಳನ್ನು ಪಾರುಮಾಡಲು ಇಬೆರೆಯು ತನ್ನ ಪ್ರಾಣವನ್ನೇ ಕೊಡುತ್ತಾನೆ. ಪಾತ್ರ ಉದಾತ್ತವಾದುದು, ಸಂಗೀತವೂ ಗೋಮೆಸನ ಅತ್ಯುತ್ತಮ ಸಂಗೀತಗಳಲ್ಲೊಂದು. ಆದರೂ 1870ರಲ್ಲಿ ಪೇರಿಗೆ ಕೊಟ್ಟ ಪಟ್ಟವನ್ನು ಗುಲಾಮನ ಹೆಸರಿನ ನಾಟಕದಲ್ಲಿಯೇ ಗುಲಾಮನಿಗೆ ಕೊಡಲಿಲ್ಲ. ಇಟಾಲಿಯನ್ ಉಡುಪಿಗಾಗಿ ಅವನನ್ನು ದೂರಲು ನನಗೆ ಮನಸ್ಸಿಲ್ಲ. ಈ ರಾಜಿಯನ್ನು ಮಾತ್ರ ಸುಲಭವಾಗಿ ಕ್ಷಮಿಸಲಾಗುವುದಿಲ್ಲ.

ನಾಟಕದೊಳಗೆ ಸ್ವಾತಂತ್ರ್ಯದ ಸ್ತುತಿಗೀತೆಯೊಂದನ್ನು ಬೇರೊಬ್ಬನಿಂದ ಬರೆಸಿ ಸೇರಿಸಿದುದಕ್ಕೆ ಪಾರವಿಚೀನಿಯು ವ್ಯಾಜ್ಯ ಹೂಡಿದನು. ಇಟಲಿಯಲ್ಲಿ ಪ್ರದರ್ಶನ ನಿಂತುಹೋಯಿತು. ಅಷ್ಟರಲ್ಲಿ 1888ನೆಯ ಮೇ 13ರಂದು ರಾಜಕುಮಾರಿ ಇಸಬೆಲಳ ಅಂಕಿತದಿಂದ ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾಯಿತು. ಅಮೆರಿಕ ಖಂಡಗಳಲ್ಲಿ ಅದನ್ನು ಬಿಟ್ಟ ದೇಶಗಳಲ್ಲಿ ಬ್ರೆಜಿಲೇ ಕೊನೆಯದು. ಗೋಮೆಸನು ನಾಟಕವನ್ನು ಆಕೆಗೆ ಅರ್ಪಿಸಿದನು. 1889ರ ಸೆಪ್ಟೆಂಬರ್ 27ರಂದು ರಿಯೊ ನಗರದಲ್ಲಿ ಅದು ರಂಗವೇರಿತು. ಏಳು ವಾರಗಳಲ್ಲಿ, ನವೆಂಬರ್ 15ರಂದು, ಸೈನ್ಯವು ಗಣರಾಜ್ಯವನ್ನು ಘೋಷಿಸಿತು. ಚಕ್ರವರ್ತಿಯ ಕುಟುಂಬ ದೇಶಭ್ರಷ್ಟವಾಯಿತು. ಹೊಸ ಸರ್ಕಾರಕ್ಕೆ ಸ್ತುತಿಗೀತೆಯನ್ನು ಕಟ್ಟಿಕೊಡಬೇಕೆಂದು ಕೇಳಿದಾಗ, ಅನ್ನವಿಟ್ಟ ಒಡೆಯನನ್ನು ನೆನೆದು ಗೋಮೆಸನು ಒಲ್ಲೆನೆಂದನೆಂದು ಪ್ರತೀತಿ.

ಆ ಮೇಲಿನ ದಿನಗಳು ಕಷ್ಟದವು. 1895ರಲ್ಲಿ ಉತ್ತರದ ಪಾರಾ ಸಂಸ್ಥಾನದವರು ಬೆಲೆಂ ನಗರದ ಸಂಗೀತ ವಿದ್ಯಾಲಯಕ್ಕೆ ಅವನನ್ನು ಮುಖ್ಯಸ್ಥನನ್ನಾಗಿ ಕರೆದರು. ರಬ್ಬರಿನ ವ್ಯಾಪಾರದಿಂದ ಆ ನಗರಕ್ಕೆ ಆಗ ಸಿರಿ ಬಂದಿತ್ತು. ಬಾಯಿಯ ಅರ್ಬುದರೋಗದಿಂದ ಜರ್ಜರಿತನಾಗಿ 1896ರ ಮೇ ತಿಂಗಳಲ್ಲಿ ಅಲ್ಲಿಗೆ ಬಂದಿಳಿದವನು ಸೆಪ್ಟೆಂಬರ್ 16ರಂದು ಕಾಲವಾದನು.

1922ರ ಫೆಬ್ರವರಿಯಲ್ಲಿ ಸಾವೊ ಪಾಲೊ ನಗರದ ಪುರಭವನ ರಂಗಮಂದಿರದಲ್ಲಿ ನವ್ಯಕಲೆಯ ಸಪ್ತಾಹ ನಡೆದಾಗ ತರುಣ ಸಾಹಿತಿಗಳು ಗೋಮೆಸನನ್ನು ಪರಾನುಕರಣದ ಮಾದರಿಯೆಂದು ಹಳಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಅದೇ ರಂಗಮಂದಿರದ ಮಗ್ಗುಲಲ್ಲಿ ಅವನ ಸ್ಮಾರಕಶಿಲ್ಪ ನಿಂತಿತು. ಅದನ್ನು ಕೊಟ್ಟವರು ಅಲ್ಲಿ ನೆಲೆಸಿದ್ದ ಇಟಾಲಿಯನ್ನರು. ಅವರಿಗೂ ಅವನು ತಮ್ಮವನೇ! ಗಾಯಕರು ಅವನನ್ನು ಪೂರ್ತಿಯಾಗಿ ಕೈಬಿಡಲಿಲ್ಲ. ಕರೂಸೊ ಎಂಬ ಮಹಾಟೆನರನು 1914ರಲ್ಲಿ ಎಮ್ಮಿ ಡೆಸ್ಟಿನ್ ಎಂಬಾಕೆಯೊಡನೆ ‘ಗ್ವಾರನಿ’ಯ ಯುಗಳಗೀತವನ್ನು ಗ್ರಾಮಫೋನ್ ತಟ್ಟೆಗೆ ಹಾಡಿಕೊಟ್ಟನು. 1994ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಪ್ಲಾಸಿಡೊ ಡೊಮಿಂಗೊ ಪೇರಿಯ ಪಾತ್ರವನ್ನು ವಹಿಸಿದನು.

ಬ್ರೆಜಿಲಿನ ಜನರು ಅವನನ್ನು ಕೇಳುವುದು ಬೇರೆ ಬಗೆಯಲ್ಲಿ. ಅಲ್ಲಿಯ ಸರ್ಕಾರದ ರೇಡಿಯೋ ವಾರ್ತಾಪ್ರಸಾರವು 1935ರಲ್ಲಿ ಆರಂಭವಾದದ್ದು ‘ಬ್ರೆಜಿಲಿನ ಧ್ವನಿ’ ಎಂಬ ಹೆಸರಿನಿಂದ ಇಂದಿಗೂ ನಡೆದುಬರುತ್ತಿದೆ. ಅದರ ಗುರುತಿನ ಸಂಗೀತವೆಂದು ತಲೆಮಾರುಗಳ ಕಿವಿಯಲ್ಲಿ ನಿಂತಿರುವುದು ‘ಗ್ವಾರನಿ’ಯ ಪೀಠಿಕಾವಾದನ. ಮಿಲಾನಿನ ಮೊದಲ ರಾತ್ರಿ ಅದು ಇರಲಿಲ್ಲ. ಆಗ ನುಡಿಸಿದ್ದು ಒಂದು ಕಿರಿಯ ಮುನ್ನುಡಿ. ಈಗ ಪ್ರಸಿದ್ಧವಾಗಿರುವ ಪೀಠಿಕೆಯನ್ನು ಗೋಮೆಸನು 1871ರಲ್ಲಿ ಬರೆದು ಸೇರಿಸಿದನು. ಅದರಲ್ಲಿ ಟೆನರಿಲ್ಲ, ಬ್ಯಾರಿಟೋನ್ ಇಲ್ಲ, ಇಟಾಲಿಯನ್ ಮಾತೂ ಇಲ್ಲ, ಬರಿಯ ವಾದ್ಯಗಳು.